ತೆಂಗಿನಕಾಯಿಯ ಯಾವ ಕಣ್ಣು?

ಅಜ್ಜಂಪುರದ ಕಡೆಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರಾಗಿ ಸೇರಿ ಎರಡನೇ ವರ್ಷ. ಕಡೂರು ಮತ್ತು ತರೀಕೆರೆ ಕಡೆಯ ಎರಡು ಶಾಲೆಗಳನ್ನು ಕರೆಸಿ ಕ್ವಿಜ್ ನಡೆಸೋಣ ಎಂದು ಹೆಡ್‌ಮಾಸ್ಟರು ಹೊರಟರು. ನಡೆಸಬೇಕಾದವನು ನಾನೇ ಎಂದೂ ಅವರೇ ತೀರ್ಮಾನಿಸಿಬಿಟ್ಟಿದ್ದರು.

"ನಿಮ್ ಗಂಟ್ಲು ದೊಡ್ಡದು ಕಣ್ರೀ. ಮೈಕ್ ಕೈಕೊಟ್ರೂ ನಡಿಯುತ್ತೆ," ಎಂದರು.

ನಾನು ಅದನ್ನು ಹೊಗಳಿಕೆ ಎಂದುಕೊಂಡು ವಾರವಿಡೀ ಕೂತು ನಲವತ್ತು ಪ್ರಶ್ನೆ ಬರೆದೆ. ಒಳ್ಳೆಯ ಕ್ವಿಜ್ ಎಂದರೆ ಕಷ್ಟದ ಕ್ವಿಜ್ ಎಂದು ಆಗ ಗಟ್ಟಿಯಾಗಿ ನಂಬಿದ್ದೆ. ಮಕ್ಕಳು ಪೆಚ್ಚಾಗಬೇಕು, ಉತ್ತರವನ್ನು ನಾನು ಗಂಭೀರವಾಗಿ ಓದಬೇಕು, ಹಿಂದೆ ಕೂತ ಮೇಷ್ಟ್ರುಗಳು ತಲೆದೂಗಬೇಕು. ಉಪಗ್ರಹದ ತೂಕ, ಯಾವುದೋ ದ್ವೀಪದ ನಾಣ್ಯದ ಹೆಸರು, ಎಲ್ಲ ಇಂಥವೇ.

ಬಜರ್ ಇರಲಿಲ್ಲ. ಕಡೂರಿನವರಿಗೆ ಸೈಕಲ್ ಬೆಲ್ಲು, ತರೀಕೆರೆಯವರಿಗೆ ಹೆಡ್‌ಮಾಸ್ಟರ ಮನೆಯ ಪೂಜೆ ಗಂಟೆ, ನಮ್ಮವರಿಗೆ ಅಡುಗೆಮನೆಯಿಂದ ತಂದ ತಟ್ಟೆ ಮತ್ತು ಸೌಟು ಕೊಟ್ಟೆ. ಮುಖ್ಯ ಅತಿಥಿಯಾಗಿ ನಿವೃತ್ತ ಪ್ರಿನ್ಸಿಪಾಲರೊಬ್ಬರು ಗರಿಗರಿ ಬಿಳಿ ಪಂಚೆಯುಟ್ಟು ಬಂದು ಕೂತರು. ಅವರ ಮುಂದಿನ ಮೇಜಿನ ಮೇಲೆ ಸನ್ಮಾನದ ಹಾರ, ಹಣ್ಣು, ತೆಂಗಿನಕಾಯಿ ಇದ್ದವು.

ಹನ್ನೊಂದು ಪ್ರಶ್ನೆ ಕೇಳಿದೆ. ಒಂದಕ್ಕೂ ಸದ್ದಿಲ್ಲ. ಮೂರು ತಂಡದ್ದೂ ಸೊನ್ನೆ. ಅತಿಥಿಗಳು ಆಕಳಿಕೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡರು. ಹನ್ನೆರಡನೆಯದಕ್ಕೆ ನಮ್ಮ ತಂಡದ ಹುಡುಗನೊಬ್ಬ ತೂಕಡಿಸಿ ಸೌಟನ್ನು ತಟ್ಟೆಯ ಮೇಲೆ ಬೀಳಿಸಿದ. ಸದ್ದು ಕೇಳಿದ್ದೇ ತಡ, ಸಭೆಯಲ್ಲಿದ್ದ ಮಕ್ಕಳೆಲ್ಲ ಎದ್ದು ಅಡುಗೆಮನೆ ಕಡೆಗೆ ಓಡಿದರು. ನಮ್ಮಲ್ಲಿ ಬಿಸಿಯೂಟಕ್ಕೆ ಕರೆಯುವುದೇ ಆ ತಟ್ಟೆ ಬಡಿದು. ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಅಷ್ಟೂ ಮಕ್ಕಳನ್ನು ಕುರಿ ಅಟ್ಟಿದ ಹಾಗೆ ವಾಪಸು ಅಟ್ಟಿಕೊಂಡು ಅಡುಗೆಯ ಅಕ್ಕ ಬಂದರು. ಅನ್ನ ಇನ್ನೂ ಬೆಂದಿಲ್ಲ, ಸೌಟು ಯಾರು ಕದ್ದರು ಎಂದು ಕೇಳಿದರು. ಕ್ವಿಜ್ ನಡೆಯುತ್ತಿದೆ ಎಂದು ಹೇಳಿದೆ. ಅವರು ಬೋರ್ಡಿನ ಮೇಲಿದ್ದ ಮೂರು ಸೊನ್ನೆಗಳನ್ನು ನೋಡಿದರು.

"ನಾನೊಂದು ಕೇಳ್ಲಾ ಸಾರ್? ತೆಂಗಿನ್‌ಕಾಯ್ಗೆ ಮೂರು ಕಣ್ಣವೆ. ಮೊಳ್ಕೆ ಬರೋದು ಯಾವ್ ಕಣ್ಣಿಂದ?"

ಬೆಲ್ಲು, ಗಂಟೆ, ತಟ್ಟೆ ಮೂರೂ ಒಟ್ಟಿಗೆ ಬಡಿದವು. ದೊಡ್ಡ ಕಣ್ಣಿಂದ ಎಂದರು ನಮ್ಮವರು. ಮೂರರಿಂದಲೂ ಎಂದರು ತರೀಕೆರೆಯವರು. ಕಡೂರು ತಂಡದಲ್ಲಿ ಪಂಚನಹಳ್ಳಿಯ ಒಬ್ಬಳು ಹುಡುಗಿಯಿದ್ದಳು. ಎರಡು ಕಣ್ಣು ಗಟ್ಟಿ, ಒಂದು ಮಾತ್ರ ಮೆತ್ತಗೆ, ಮೊಳಕೆ ಬರುವುದು ಅದರಿಂದ ಎಂದಳು. ಗಣಿತದ ಮೇಷ್ಟ್ರು ತರೀಕೆರೆಯವರ ಪರ ನಿಂತರು. ಅವರ ಜೊತೆ ಹಿಂದಿ ಮೇಡಂ ಜಗಳಕ್ಕೆ ಬಿದ್ದರು. ಎಲ್ಲರೂ ವಿಜ್ಞಾನದ ಮೇಷ್ಟ್ರನ್ನು ನೋಡಿದರು. ನಾನು, ಇದು ಪಠ್ಯದಲ್ಲಿಲ್ಲ ಎಂದೆ.

"ಕಾಯಿ ಇಲ್ಲೇ ಐತಲ್ಲ ಸಾರ್," ಎಂದಳು ಆ ಹುಡುಗಿ.

ಸನ್ಮಾನದ ಕಾಯಿಯ ಜುಟ್ಟು ಕೀಳುವುದು ಸರಿಯೇ ಎಂದು ಹೆಡ್‌ಮಾಸ್ಟರು ಅನುಮಾನಿಸಿದರು. ಕೀಳಮ್ಮಾ, ನನಗೂ ತಿಳಿಯಬೇಕು ಎಂದು ಅತಿಥಿಗಳೇ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಅವಳು ಜುಟ್ಟು ಕಿತ್ತು, ಕೈವಾರದ ಮೊನೆಯಿಂದ ಒಂದೊಂದೇ ಕಣ್ಣನ್ನು ಚುಚ್ಚಿದಳು. ಎರಡು ಜಗ್ಗಲಿಲ್ಲ. ಮೂರನೆಯದರಲ್ಲಿ ಮೊನೆ ಸರಕ್ಕನೆ ಒಳಗೆ ಹೋಯಿತು. ತೂತು ಕಾಣಲಿ ಎಂದು ಅವಳು ಹೆಮ್ಮೆಯಿಂದ ಕಾಯಿಯನ್ನು ಅತಿಥಿಗಳ ಕಡೆಗೆ ಬಗ್ಗಿಸಿ ಹಿಡಿದಳು. ಕಾಯಿನೀರು ಆ ಗರಿಗರಿ ಪಂಚೆಯ ಮೇಲೆ ಸುರಿಯಿತು. ಅತಿಥಿಗಳು ಮೇಲೇಳಲಿಲ್ಲ.

"ಉತ್ತರ ಸರಿ ಕಣಮ್ಮ," ಎಂದು ಚಪ್ಪಾಳೆ ತಟ್ಟಿದರು.

ಉಳಿದ ಪ್ರಶ್ನೆಗಳ ಚೀಟಿಗಳನ್ನು ನಾನು ಜೇಬಿಗೆ ತುರುಕಿ, ಪ್ರಶ್ನೆ ಕೇಳುವುದನ್ನು ಸಭೆಗೇ ಬಿಟ್ಟುಕೊಟ್ಟೆ. ಆಮೇಲೆ ನನ್ನ ದೊಡ್ಡ ಗಂಟಲೂ ಯಾರಿಗೂ ಕೇಳಿಸಲಿಲ್ಲ. ಹಸುವಿಗೆ ಮೇಲ್ದವಡೆಯ ಮುಂದೆ ಎಷ್ಟು ಹಲ್ಲು ಎಂದು ಒಬ್ಬಳು ಕೇಳಿದಳು. ಒಂದೂ ಇಲ್ಲ ಎಂದರು ತರೀಕೆರೆಯವರು. ಡ್ರಿಲ್ ಮೇಷ್ಟ್ರು ಕಾಂಪೌಂಡಿನಾಚೆ ಮೇಯುತ್ತಿದ್ದ ಹಸುವಿನ ಬಾಯಿ ಬಿಡಿಸಿ ನೋಡಲು ಹೋದರು. ಜೊಲ್ಲು ಹತ್ತಿದ ಕೈ ಒರೆಸಿಕೊಳ್ಳುತ್ತಾ ಬಂದು, ನಿಜಕ್ಕೂ ಇಲ್ಲ ಎಂದು ವರದಿ ಒಪ್ಪಿಸಿದರು. ಅಂತೂ ಕಡೂರಿನವರು ಗೆದ್ದರು. ಅಷ್ಟು ಹೊತ್ತಿಗೆ ಅಂಕ ಬರೆಯುವವರೇ ವಾದದಲ್ಲಿ ಸೇರಿಕೊಂಡಿದ್ದರಿಂದ ಎಷ್ಟು ಅಂಕದಿಂದ ಎಂಬುದು ಮಾತ್ರ ತಿಳಿಯಲಿಲ್ಲ.

ಊಟವಾದ ಮೇಲೆ ಕಡೂರಿನ ತಂಡವನ್ನು ಬಸ್ಸಿಗೆ ಬಿಡಲು ಹೋದೆ. ಬುಕ್ಕಾಂಬುಧಿಯಿಂದ ಬರುವ ನಮ್ಮ ಹುಡುಗನೊಬ್ಬ, ಕೆರೆಯ ಮೀನು ಕಣ್ಣು ಮುಚ್ಚಿ ಮಲಗುತ್ತದೆಯೋ ತೆರೆದೋ ಎಂದು ಅವರಿಗೆ ಕೊನೆಯ ಪ್ರಶ್ನೆ ಹಾಕಿದ್ದ. ಅದರ ಮೇಲೆ ಎರಡು ಪಕ್ಷವಾಯಿತು. ಬಸ್ಸು ಬಂತು, ಎರಡು ಸಲ ಹಾರ್ನ್ ಹೊಡೆಯಿತು, ಹೋಯಿತು. ಯಾರೂ ತಿರುಗಿ ನೋಡಲಿಲ್ಲ. ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾಯಬೇಕಿತ್ತು. ಜೊತೆಗೆ ಬಂದಿದ್ದ ಅವರ ಮೇಷ್ಟ್ರು ನನ್ನ ಹತ್ತಿರ ಬಂದಾಗ, ಈಗ ರೇಗುತ್ತಾರೆ ಎಂದುಕೊಂಡೆ. ಅವರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು.

"ರೆಪ್ಪೆನೇ ಇಲ್ದಿದ್‌ಮೇಲೆ ಮುಚ್ಚೋದ್ ಹೆಂಗ್ರೀ?" ಎಂದರು.