ಕೆಂಚಿ ತಾನಾಗಿ ಹತ್ತಿದರೆ

ಎರಡು ವರ್ಷಗಳ ಹಿಂದೆ, ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಬರುವ ಹಂಗಾಮಿನಲ್ಲಿ ನಡೆದದ್ದು. ನಮ್ಮ ಅಂಗಡಿಯ ಹಿಂದೆ ಕಾಯಿ ಒಣಹಾಕುವ ಕಣವಿದೆ. ಅದನ್ನು ಎಂಟು ವರ್ಷದಿಂದ ಕಾಯುತ್ತಿದ್ದ ಹೆಣ್ಣುನಾಯಿ ಕೆಂಚಿ. "ಊರೆಲ್ಲ ಸೀನತೈತಿ, ಇದೊಂದು ಸೀನಂಗಿಲ್ಲ ನೋಡು" ಎಂದು ಅವ್ವ ಅದನ್ನು ಹೊಗಳುತ್ತಿದ್ದಳು. ಒಂದು ದಿನ ಅದರ ದವಡೆಯ ಕೆಳಗೆ ಎರಡು ಗಂಟು ಕಾಣಿಸಿದವು.

ರಾಣೆಬೆನ್ನೂರಿನ ಪಶುವೈದ್ಯರು ಗಂಟಿಗೆ ಸೂಜಿ ಹಾಕಿ ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಅವರು ಕ್ಯಾನ್ಸರ್ ಎನ್ನುವಷ್ಟರಲ್ಲಿ ಅವ್ವ ತಡೆದಳು. "ಸಾಹೇಬ್ರ, ಅದರ ಮುಂದ ಹೆಸರು ತಗೀಬ್ಯಾಡ್ರಿ."

ವೈದ್ಯರು ನಗಲಿಲ್ಲ. ನಮ್ಮನ್ನು ಹೊರಗೆ ಕರೆದು ಹೇಳಿದರು. "ಪೂರಾ ಗುಣ ಆಗೂದಿಲ್ರಿ ಅವ್ವಾರ. ವಾರಕ್ಕೊಂದು ಇಂಜೆಕ್ಷನ್ ಕೊಟ್ರ ಕೆಲವು ತಿಂಗಳು ಆರಾಮ ಇರಬಹುದು. ಕೊಡದಿದ್ರ ಭಾಳ ದಿನ ಇಲ್ಲ. ವಿಚಾರ ಮಾಡ್ರಿ."

ಅಪ್ಪ ತೀರಿಕೊಂಡದ್ದೂ ಇದೇ ರೋಗದಿಂದ. ಕೊನೆಯವರೆಗೂ ನಾವು ಅವರಿಗೆ ಹೇಳಿರಲಿಲ್ಲ. ಚೆಕಪ್ ಎಂದು ಹೇಳಿ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆವು.

ಮನೆಯಲ್ಲಿ ಒಮ್ಮತ ಬರಲಿಲ್ಲ. ನನಗೆ ಚಿಕಿತ್ಸೆ ಕೊಡಿಸಬೇಕೆಂದಿತ್ತು. ತಮ್ಮ ಶಿವು, "ನಾಯೀಗೆ ಕೀಮೋ ಅಂದ್ರ ಪ್ಯಾಟ್ಯಾಗ ನಗತಾರ" ಎಂದ.

ಕೊನೆಗೆ ಅವ್ವ ಹೇಳಿದಳು. "ನಿಮ್ಮಪ್ಪನ್ನ ಯಾರೂ ಕೇಳಲಿಲ್ಲ. ಇದನ್ನಾರ ಕೇಳೂಣು."

"ನಾಯೀನ ಹೆಂಗ ಕೇಳ್ತಿಬೇ?" ಎಂದ ಶಿವು.

"ಸೋಮವಾರ ಕಾರಿನ ಬಾಗಲಾ ತಗೀರಿ. ತಾನಾಗಿ ಹತ್ತಿದ್ರ ಇಂಜೆಕ್ಷನ್. ಹತ್ತಲಿಲ್ಲಂದ್ರ ಯಾರೂ ಎತ್ತಬ್ಯಾಡ್ರಿ."

ಮೊದಲ ಸೋಮವಾರ ಕೆಂಚಿ ಜಿಗಿದು ಹತ್ತಿತು. ಮೂರನೇ ವಾರಕ್ಕೆ ಗಂಟು ಇಳಿದವು. ನಡುವೆ ಎರಡು ದಿನ ಕೆಂಚಿ ಅನ್ನ ಮುಟ್ಟದಿದ್ದಾಗ ಮುಂದಿನ ಸೋಮವಾರ ನೆನೆದು ನನಗೆ ಊಟ ಸೇರುತ್ತಿರಲಿಲ್ಲ. ಬಾಗಿಲು ತೆರೆದು ನಿಲ್ಲುವ ಆ ಒಂದು ನಿಮಿಷದಲ್ಲಿ ನಾವ್ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಏಳನೇ ವಾರ ಗಂಟು ಮತ್ತೆ ಬಂದವು. ಎಂಟನೇ ಸೋಮವಾರ ಕೆಂಚಿ ನಿಧಾನವಾಗಿ ಕಾರಿನ ಹತ್ತಿರ ಬಂದು ಮುಂಗಾಲುಗಳನ್ನು ಸೀಟಿನ ಮೇಲಿಟ್ಟಿತು. ಹಿಂಗಾಲು ಮೇಲೇಳಲಿಲ್ಲ. ಹಾಗೆಯೇ ನಿಂತು ನಮ್ಮ ಕಡೆ ತಿರುಗಿ ನೋಡಿತು. ಇದು ಹೌದೋ ಅಲ್ಲವೋ, ನನಗೆ ತಿಳಿಯಲಿಲ್ಲ.

ಬೇಡವೆಂದಿದ್ದ ಶಿವುನೇ ಬಗ್ಗಿದ. "ಎತ್ತಲೇನಬೇ?"

"ಎತ್ತು. ಆದ್ರ ರಾಣೆಬೆನ್ನೂರು ಬ್ಯಾಡ" ಎಂದಳು ಅವ್ವ. "ಅದು ಇಂಜೆಕ್ಷನ್ನಿಗೆ ಹತ್ತಾಕತ್ತಿಲ್ಲ. ನಾವು ಹೊಂಟೀವಂತ ಹತ್ತಾಕತ್ತೈತಿ. ಎಲ್ಲಾ ವಾರಾನೂ ಹಂಗ ಹತ್ತಿರಬೇಕು. ನನಗ ಈಗ ತಿಳೀತು."

ಮೋಟೆಬೆನ್ನೂರಿನವರೆಗೆ ಹೋದೆವು. ಹೆದ್ದಾರಿ ಸಿಕ್ಕಲ್ಲಿ, ರಾಣೆಬೆನ್ನೂರಿನ ಕಡೆ ತಿರುಗದೆ, ಮರದ ನೆರಳಲ್ಲಿ ಕಾರು ನಿಲ್ಲಿಸಿದೆ. ಅವ್ವನ ತೊಡೆಯ ಮೇಲೆ ಗದ್ದವಿಟ್ಟು ಕೆಂಚಿ ಕಿಟಕಿಯಿಂದ ಬರುವ ಗಾಳಿ ಮೂಸುತ್ತಿತ್ತು. ವೈದ್ಯರಿಗೆ ಫೋನ್ ಮಾಡಿದೆ. ಅವರು ನೋವಿನ ಮಾತ್ರೆ ಬರೆಸಿದರು. ಅರ್ಧ ಗಂಟೆ ಕಳೆದು ಮನೆಗೆ ತಿರುಗಿದೆವು. ಅದಾದ ಮೂರನೇ ವಾರ, ಒಂದು ಮಧ್ಯಾಹ್ನ, ಕೆಂಚಿ ಕಣದ ಮೂಲೆಯಲ್ಲಿ ಹೋಯಿತು.

ಆ ಏಳು ಇಂಜೆಕ್ಷನ್ ಕೊಡಿಸಿದ್ದು ಸರಿಯೋ, ಎಂಟನೆಯದನ್ನು ಬಿಟ್ಟದ್ದು ಸರಿಯೋ, ಇಂದಿಗೂ ಖಚಿತವಾಗಿ ಹೇಳಲಾರೆ. ನನ್ನನ್ನು ಕಾಡುವುದು ಬೇರೆ. ಹುಬ್ಬಳ್ಳಿಗೆ ಹೊರಟ ಪ್ರತಿ ಸಲ ಅಪ್ಪ ಏನೂ ಕೇಳದೆ ಚಪ್ಪಲಿ ಮೆಟ್ಟಿ ತಾವೇ ಕಾರು ಹತ್ತುತ್ತಿದ್ದರು. ಅದನ್ನು ನಾವು ಒಪ್ಪಿಗೆ ಎಂದೇ ತಿಳಿದಿದ್ದೆವು.