ಸುಗುಣಾ ಆಂಟಿ ಓದಿದ ಆಮೋಸ

ಇವತ್ತು ಬೆಳಿಗ್ಗೆ ಕಾಫಿಗೆಂದು ಕಪಾಟಿಗೆ ಕೈ ಹಾಕಿದರೆ ಸಿಕ್ಕಿದ್ದು ಅದೇ ಮಗ್ಗು. ಅಂಚಿಗೆ ಗುಲಾಬಿ ಬಳ್ಳಿ, ನಡುವೆ ಬೈಬಲಿನ ಪ್ರವಾದಿ ಆಮೋಸನ ಮಾತು. ನೀವೇ ಹೇಳಿ, ಆಮೋಸನಿಗೆ ಹೂಬಳ್ಳಿ ಸುತ್ತುವುದುಂಟೇ? ಕುರಿ ಕಾಯುತ್ತಿದ್ದ ಮನುಷ್ಯ ಆತ. ಬಡವರನ್ನು ತುಳಿದು ಹಬ್ಬ ಮಾಡುವವರ ಹಾಡು ದೇವರಿಗೆ ಹೇಸಿಗೆ ಎಂದು ಉಳ್ಳವರ ಮುಖಕ್ಕೇ ಹೇಳಿ ಬೈಸಿಕೊಂಡವನು.

ಮಗ್ಗಿನ ಕಥೆ ನಾಲ್ಕು ವರ್ಷ ಹಳೆಯದು. ಅಮೆರಿಕದ ಡಬ್ಲಿನ್ನಿನ ಒಂದು ಬಾಡಿಗೆ ಹಾಲ್‌ನಲ್ಲಿ ನಮ್ಮ ಕನ್ನಡ ಕ್ರೈಸ್ತ ಸಭೆ ಸೇರುತ್ತದೆ. ಹಾಸನದಲ್ಲಿ ಟೀಚರಾಗಿದ್ದ ಸುಗುಣಾ ಆಂಟಿ ಆಗ ಮಗಳ ಮನೆಗೆ ಬಂದಿದ್ದರು. ಮೊದಲ ಭಾನುವಾರವೇ ಆ ಹಾಲ್‌ನ ಅಡುಗೆಮನೆಯಲ್ಲಿ ಶಾಂತಾಳನ್ನು ಕಂಡರು. ಸಭೆಯ ಹಿರಿಯರಾದ ಜಯಶೀಲ ಅಂಕಲ್ ಸರಟೋಗಾದ ತಮ್ಮ ಮನೆಗೆಲಸಕ್ಕೆಂದು ಮಂಡ್ಯದಿಂದ ಕರೆತಂದ ಹೆಂಗಸು ಅವಳು. ಒಳಗೆ ನಾವು ಹಾಡುತ್ತಿದ್ದರೆ ಅವಳು ನಮಗೆ ಅನ್ನ ಬೇಯಿಸುತ್ತಿದ್ದಳು. ನಾವು ಉಂಡ ಮೇಲೆ ಪಾತ್ರೆ. ಅವಳ ಪಲಾವನ್ನು ಎರಡು ಸಲ ಹಾಕಿಸಿಕೊಂಡು ಹೊಗಳುವುದನ್ನೇ ನಾನು ನೆರೆಯವರ ಮೇಲಿನ ಪ್ರೀತಿ ಎಂದುಕೊಂಡಿದ್ದೆ.

"ಅವಳ್ಯಾಕೆ ಒಳಗೆ ಕೂರಲ್ಲ?" ಎಂದರು ಆಂಟಿ.

"ಶಾಂತಾ ನಮ್ಮ ಮನೆಯವಳೇ ಅಲ್ವಾ ಟೀಚರ್," ಎಂದು ಅಂಕಲ್ ನಕ್ಕರು.

ಮರುವಾರ ವಾಕ್ಯ ಓದುವ ಸರದಿ ಆಂಟಿಯದು. ಓದಲು ಹೇಳಿದ್ದ ಕೀರ್ತನೆ ಬಿಟ್ಟು ಆಮೋಸನನ್ನು ತೆರೆದರು. ಗಟ್ಟಿಯಾಗಿ ಓದಿ ಮುಗಿಸಿ, ಕನ್ನಡಕ ತೆಗೆದು, ಅಂಕಲ್‌ರನ್ನೇ ನೋಡಿದರು. ಅಂಕಲ್ ಎದ್ದು ನಿಂತರು. "ಆಹಾ, ಎಂಥಾ ಉಚ್ಚಾರಣೆ! ಇದನ್ನ ಪ್ರಿಂಟ್ ಮಾಡಿಸ್ಬೇಕು!"

ಮಾಡಿಸಿಯೇಬಿಟ್ಟರು. ಮಗ್ಗು ಹಂಚಿದವಳು ನಾನೇ. ಶಾಂತಾಳಿಗೂ ಒಂದು ಕೊಟ್ಟೆ. ತೊಳೆಯಲು ಬಂದ ಇನ್ನೊಂದು ಪಾತ್ರೆ ಎಂದುಕೊಂಡು ಅವಳು ಅದನ್ನು ಸಿಂಕಿಗೆ ಹಾಕಿದಳು.

ಆಂಟಿ ಹಾಸನಕ್ಕೆ ಮರಳಿದರೂ ನನ್ನನ್ನು ಬಿಡಲಿಲ್ಲ. ವಾರವಾರ ಫೋನು.

"ಶಾಂತಾ ಒಳಗೆ ಕೂತ್ಳಾ?"

"ಇಲ್ಲ ಆಂಟಿ. ಮೀಟಿಂಗಲ್ಲಿ ವಿಷಯ ಎತ್ತಬೇಕು."

"ನಾಲ್ಕು ವರ್ಷದಿಂದ ಅದೇ ಮೀಟಿಂಗಾ?"

ಅಂಕಲ್‌ಗಿಂತ ನನಗೆ ಆಂಟಿಯ ಮೇಲೇ ಸಿಟ್ಟು ಬರುತ್ತಿತ್ತು. ಸಭೆಯಲ್ಲಿ ಇಷ್ಟು ಜನರಿರುವಾಗ ನನಗೇ ಯಾಕೆ ಫೋನು?

ಇವತ್ತು ಕಾಫಿ ಕುಡಿಯುವಾಗಲೂ ಬಂತು. ಆದರೆ ಬೈಗುಳವಿಲ್ಲ. "ಹೋಗ್ಲಿ ಬಿಡಮ್ಮ. ಅವಳ ನಂಬರಾದ್ರೂ ಕೊಡು, ನಾನೇ ಮಾತಾಡ್ತೀನಿ."

ನನ್ನ ಬಳಿ ನಂಬರಿರಲಿಲ್ಲ. ಇಷ್ಟು ವರ್ಷ ಅವಳ ಕೈಯಡುಗೆ ಉಂಡು, ಒಮ್ಮೆಯೂ ಕೇಳಿರಲಿಲ್ಲ.

ಭಾನುವಾರದ ಸಭೆಗೆಂದು ಹಾಲ್‌ಗೆ ಹೋದವಳು ನೇರ ಅಡುಗೆಮನೆಗೆ ನುಗ್ಗಿದೆ. "ಶಾಂತಾ, ಬಾ. ಒಳಗೆ ನನ್ ಪಕ್ಕ ಕೂತ್ಕೋ."

ಬಾಗಿಲಲ್ಲಿ ಅಂಕಲ್ ಕಾಣಿಸಿಕೊಂಡರು. "ಅನ್ನ ಯಾರು ನೋಡ್ಕೋತಾರಮ್ಮ?"

"ನೀವು, ಅಂಕಲ್," ಎಂದೆ.

ಶಾಂತಾ ಇಬ್ಬರನ್ನೂ ನೋಡಿದಳು. ಏಪ್ರನ್ ಬಿಚ್ಚಿ, ಇಡಲು ಒಣ ಜಾಗ ಹುಡುಕಿದಳು. ಸಿಗಲಿಲ್ಲ. ಕೊನೆಗೆ ಅದನ್ನು ಅಂಕಲ್ ಕೈಗೇ ಕೊಟ್ಟು ಒಳಗೆ ನಡೆದಳು.