ಎರಡು ನೀರಿನ ಪಾಠ

ಪ್ರಯೋಗಶಾಲೆಯಿಂದೇಳುವ ಕೊಳೆತ ಮೊಟ್ಟೆಯಂಥ ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡರೆ ನಮ್ಮ ರಸಾಯನದ ಟೀಚರ್ ಮಾತ್ರ ಒಂದು ಗಳಿಗೆ ಸುಮ್ಮನೆ ನಿಂತುಬಿಡುತ್ತಾರೆ. ಅವರ ಬಾಲ್ಯದ ಶಾಲೆಯಲ್ಲಿ ಹುಡುಗರು ಪ್ರಯೋಗಶಾಲೆಗೆ ಹೋಗುವ ಹೊತ್ತಿಗೆ ಹುಡುಗಿಯರಿಗೆ ಪಕ್ಕದ ಕೋಣೆಯಲ್ಲಿ ಹೊಲಿಗೆ. ಗೋಡೆಯ ಮೇಲಿನ ಕಿಂಡಿಯಿಂದ ತೂರಿ ಬರುತ್ತಿದ್ದ ಆ ವಾಸನೆಯಷ್ಟೇ ಅವರ ಪಾಲಿಗೆ ಬಂದ ವಿಜ್ಞಾನ.

ಇಂದು ಈ ಊರಿನ ಪ್ರೌಢಶಾಲೆಗಳಲ್ಲಿ ರಸಾಯನಶಾಸ್ತ್ರವನ್ನು ಮಕ್ಕಳ ತಲೆಗೆ ಹತ್ತುವಂತೆ ಹೇಳಿಕೊಡುವವರು ಯಾರೆಂದು ಕೇಳಿದರೆ ಎಲ್ಲರ ಬೆರಳೂ ಅವರ ಕಡೆಗೇ ತಿರುಗುತ್ತದೆ. ಅವರ ನಿವೃತ್ತಿಯ ಗೌರವಾರ್ಥ ಹೊರಬರುತ್ತಿರುವ ಈ ಸಂಪುಟದಲ್ಲಿ ಅವರ ಕೀರ್ತಿಯನ್ನು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಟೀಚರ್ ಕೇಳಿಕೊಂಡದ್ದು ಬೇರೆ: "ನನ್ನ ನಾಚಿಕೆಯನ್ನೂ ಯಾರಾದ್ರೂ ಬರೀರಿ. ಇಲ್ಲಾಂದ್ರೆ ಆ ಪುಸ್ತಕ ಅರ್ಧ ಸುಳ್ಳಾಗುತ್ತೆ."

ಅವರು ಈ ಶಾಲೆಗೆ ಬಂದದ್ದು ಚರಿತ್ರೆ ಕಲಿಸಲು. ವಿಜ್ಞಾನದ ಮೇಷ್ಟ್ರು ಕಾಯಿಲೆ ಬಿದ್ದು ದೀರ್ಘ ರಜೆ ಹಾಕಿದಾಗ, ಓದಿದವರಿಗೆ ಯಾವ ಪುಸ್ತಕವಾದರೇನು ಎಂದು ಅಂದಿನ ಮುಖ್ಯೋಪಾಧ್ಯಾಯಿನಿ ಒಂಬತ್ತನೆಯ ತರಗತಿಯನ್ನು ಅವರ ತಲೆಗೆ ಕಟ್ಟಿದರು. ಗೊತ್ತಿಲ್ಲ ಎನ್ನಲು ಅವರಿಗೆ ನಾಲಿಗೆ ಏಳಲಿಲ್ಲ. ಮಕ್ಕಳ ತಾಯಿಯಾದ ಆ ಹೆಂಗಸು ಕೆಳತರಗತಿಯ ವಿಜ್ಞಾನ ಪುಸ್ತಕಕ್ಕೆ ಚರಿತ್ರೆಯ ಹೊದಿಕೆ ಹಾಕಿಕೊಂಡು ಬಸ್ಸಿನಲ್ಲಿ ಕದ್ದು ಓದಿದರು. ಬಟ್ಟೆಗೆ ಇಸ್ತ್ರಿ ಹಾಕುತ್ತ ಧಾತುಗಳ ಸಂಕೇತಗಳನ್ನು ಗೊಣಗುತ್ತಿದ್ದರೆ ಅವರ ಅತ್ತೆ, "ಯಾರಿಗೆ ಶಾಪ ಹಾಕ್ತಿದ್ದೀಯೆ? ನನಗಾದ್ರೆ ಜೋರಾಗಿ ಹಾಕು, ಕಿವಿ ಕೇಳಲ್ಲ" ಎನ್ನುತ್ತಿದ್ದರಂತೆ. ಹಾಗೆ ಚೇಷ್ಟೆ ಮಾಡುತ್ತಲೇ ಆ ಹಿರಿಯಾಕೆ ಸೊಸೆಯ ಪಾಲಿನ ಪಾತ್ರೆಗಳನ್ನೂ ತಾವೇ ತೊಳೆದಿಡುತ್ತಿದ್ದರು.

ಸಮೀಕರಣವನ್ನು ಸರಿದೂಗಿಸುವ ಪಾಠ ಬಂದಾಗ ಗುರುವಿಲ್ಲದ ವಿದ್ಯೆ ಕೈಕೊಟ್ಟಿತು. ಹೈಡ್ರೋಜನ್ನೂ ಆಕ್ಸಿಜನ್ನೂ ಕೂಡಿ ನೀರಾಗುವಾಗ ಎಡಗಡೆ ಆಕ್ಸಿಜನ್ ಎರಡು, ಬಲಗಡೆ ಒಂದೇ. ಅದಕ್ಕೇನಂತೆ ಎಂದು ನೀರಿನ H₂O ಬಾಲಕ್ಕೆ ಪುಟ್ಟದೊಂದು ಎರಡನ್ನು ಅಂಟಿಸಿ H₂O₂ ಮಾಡಿದರು. ಎರಡೂ ಕಡೆ ಸಮವಾಯಿತು. ತಾವೇ ಬಿಡಿಸಿದ ಒಗಟೆಂಬ ಹೆಮ್ಮೆಯಿಂದ ತರಗತಿಗೆಲ್ಲ ಹಾಗೆಯೇ ಬರೆಸಿದರು. ಪರೀಕ್ಷೆಯಲ್ಲಿ ಒಬ್ಬ ಹುಡುಗಿ ಮಾತ್ರ ನೀರಿನ ಬಾಲವನ್ನು ಮುಟ್ಟದೆ, ಅದರ ಮುಂದೊಂದು, ಹೈಡ್ರೋಜನ್ನಿನ ಮುಂದೊಂದು ದೊಡ್ಡ ಎರಡನ್ನು ಬರೆದು ಲೆಕ್ಕ ಹೊಂದಿಸಿದ್ದಳು. ಟೀಚರ್ ಅದರ ಮೇಲೆ ಕೆಂಪು ಗೀಟು ಎಳೆದು, ಅವಳನ್ನು ಎದ್ದು ನಿಲ್ಲಿಸಿದರು.

"ಇದೇನಮ್ಮ, ಎರಡು ನೀರು? ನಿಮ್ಮನೇಲಿ ಎರಡು ಥರ ಕುಡೀತೀರಾ?"

ತರಗತಿ ಘೊಳ್ಳೆಂದಿತು. ಅಂದಿನಿಂದ ಆ ಹುಡುಗಿಯ ಹೆಸರೇ 'ಎರಡು ನೀರು' ಆಯಿತು. ಅವಳು ಕೈ ಎತ್ತುವುದನ್ನೇ ಬಿಟ್ಟಳು.

ಕೆಲವು ವಾರ ಕಳೆದ ಮೇಲೆ ಅದೇ ತರಗತಿಯ ಇನ್ನೊಬ್ಬಳು ಆಟದಲ್ಲಿ ಬಿದ್ದು ಮಂಡಿ ತರಚಿಕೊಂಡಳು. ಟೀಚರ್ ಶಾಲೆಯ ಔಷಧಿ ಪೆಟ್ಟಿಗೆಯಿಂದ ಬಾಟಲಿ ತೆಗೆದು ಗಾಯ ತೊಳೆಯುತ್ತಿದ್ದರೆ ಬಿಳಿ ನೊರೆ ಬುಸುಬುಸು ಎದ್ದಿತು. ಹುಡುಗಿ ನೋವು ಮರೆಯಲೆಂದು ಬಾಟಲಿಯ ಮೇಲಿನ ಅಕ್ಷರ ಓದುತ್ತ ಕೇಳಿದಳು: "ಟೀಚರ್, ಇದು ನೀವು ಬರೆಸಿದ ನೀರೇ ಅಲ್ವಾ? ಮತ್ತೆ ಯಾಕೆ ಉರಿಯುತ್ತೆ?"

ಬಾಟಲಿಯ ಮೇಲೆ H₂O₂ ಎಂದಿತ್ತು, ಹೈಡ್ರೋಜನ್ ಪೆರಾಕ್ಸೈಡ್ ಎಂದಿತ್ತು. ನೀರು ಎಂದಿರಲಿಲ್ಲ. ಬಾಲದ ಅಂಕಿ ಬದಲಾದರೆ ವಸ್ತುವೇ ಬದಲಾಗುತ್ತದೆ ಎಂಬುದು ಅವರಿಗೆ ತಿಳಿದದ್ದು ಆ ನೊರೆಯನ್ನು ನೋಡುತ್ತ.

ವಿಷಯ ಕೇಳಿದ ಗಣಿತದ ಟೀಚರ್ ಉಪಾಯ ಹೇಳಿದರು: "ಪುಸ್ತಕದಲ್ಲಿ ಅಚ್ಚಿನ ತಪ್ಪಿತ್ತು ಅಂದ್ಬಿಡ್ರೀ. ಅಚ್ಚು ಹಾಕಿದೋನು ಬಂದು ಜಗಳ ಆಡ್ತಾನಾ?" ನಮ್ಮ ಟೀಚರಿಗೂ ಆಸೆಯಾಗದೆ ಇರಲಿಲ್ಲ. ಒಪ್ಪಿಕೊಂಡರೆ ಮಕ್ಕಳು ಇನ್ನು ತಮ್ಮ ಯಾವ ಪಾಠವನ್ನು ನಂಬಿಯಾರು ಎಂಬ ಅಳುಕು. ಆದರೆ ಸುಳ್ಳು ಉಳಿಸುತ್ತಿದ್ದುದು ಅವರೊಬ್ಬರ ಮಾನವನ್ನು. ಆ ಹುಡುಗಿಯ ಮಾನ ಕೆಂಪು ಗೀಟಿನ ಕೆಳಗೇ ಬಿದ್ದಿರುತ್ತಿತ್ತು.

ಮರುದಿನ ಕರಿಹಲಗೆಯ ಮೇಲೆ ಎರಡೂ ಉತ್ತರಗಳನ್ನು ಬರೆದು, ಮಕ್ಕಳ ಕಡೆ ತಿರುಗಿ ಹೇಳಿದರು: "ತಪ್ಪು ಬರೆಸಿದ್ದು ನಾನು. ಅವಳು ಬರೆದಿದ್ದೇ ಸರಿ. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವಳ ಹಾಗೆ ಅವಳನ್ನ ನಗೆಪಾಟಲು ಮಾಡಿದೆ."

ಯಾರೂ ನಗಲಿಲ್ಲ. ಆ ಹುಡುಗಿ ತಲೆಯನ್ನೂ ಎತ್ತಲಿಲ್ಲ.

ಅಡ್ಡಹೆಸರು ಸೀಮೆಸುಣ್ಣದ ಹಾಗೆ ಅಳಿಸಿಹೋಗುವಂಥದ್ದಲ್ಲ. ಆ ವರ್ಷವಿಡೀ ಯಾರಾದರೂ 'ಎರಡು ನೀರು' ಎಂದು ಕೂಗಿದಾಗಲೆಲ್ಲ ಶಾಲೆಯ ಪಡಸಾಲೆಯಲ್ಲಿ ಹೋಗುತ್ತಿದ್ದ ಟೀಚರ್ ನಿಂತಲ್ಲೇ ಕುಗ್ಗಿಹೋಗುತ್ತಿದ್ದರು. ಮುಂದೆ ಸಂಜೆ ಕಾಲೇಜು ಸೇರಿ, ತಮ್ಮ ಅರ್ಧ ವಯಸ್ಸಿನವರ ಪಕ್ಕ ಕುಳಿತು, ಮೊದಲಿನಿಂದ ರಸಾಯನ ಕಲಿತರು, ಪದವಿಯನ್ನೂ ಪಡೆದರು. ಅನಂತರದ ಅವರ ದೀರ್ಘ ಸೇವೆಯಲ್ಲಿ, ಉತ್ತರ ತಪ್ಪಿದ ಯಾವ ಮಗುವನ್ನೂ ಅವರು ಎದ್ದು ನಿಲ್ಲಿಸಿದ್ದಿಲ್ಲ. ಬೆಂಚಿನ ಬಳಿಗೆ ತಾವೇ ಹೋಗಿ, ಬಗ್ಗಿ, ಪಿಸುದನಿಯಲ್ಲಿ ತಿದ್ದುತ್ತಿದ್ದರು. ಅವರ ಬೆನ್ನುನೋವಿನ ಮೂಲ ಇದೇ ಎಂದು ನಾವು ತಮಾಷೆ ಮಾಡುವುದುಂಟು.

ನಿವೃತ್ತಿಯ ನಂತರ, ಓದು ತಪ್ಪಿದ ಹೆಂಗಸರಿಗೆ ತಮ್ಮ ಮನೆಯ ಮುಂಗೋಣೆಯಲ್ಲೇ ವಿಜ್ಞಾನ ಹೇಳಿಕೊಡುವುದಾಗಿ ಅವರು ಹೇಳಿದ್ದಾರೆ. ಅದಕ್ಕೆ ಬೇಕಾದ ಆಯುಸ್ಸೂ ಕಸುವೂ, ಬಗ್ಗುವ ಬೆನ್ನೂ ಅವರಿಗೆ ಇರಲಿ.

ಹೀಗೆ ಹಾರೈಸುವಾಗ ಕಣ್ಣಿಗೆ ಕಟ್ಟುವುದು ಅವರ ಬಾಯಿಂದಲೇ ಕೇಳಿದ, ತಪ್ಪೊಪ್ಪಿಕೊಂಡ ದಿನದ ಮಧ್ಯಾಹ್ನ. ಇತರ ಟೀಚರುಗಳ ಮುಖ ನೋಡಲಾರದೆ ಅವರು ಊಟ ಬಿಟ್ಟು ಪ್ರಯೋಗಶಾಲೆಯಲ್ಲಿ ಒಬ್ಬರೇ ಕುಳಿತಿದ್ದರು. ಕೆಂಪು ಗೀಟು ಬಿದ್ದ ಆ ಹುಡುಗಿ ಊಟದ ಡಬ್ಬಿ ಹಿಡಿದು ಬಂದಳು. ಒಳಗೆ ತಿನ್ನುವ ಪದಾರ್ಥ ತರಬಾರದೆಂದು ಟೀಚರೇ ಮಾಡಿದ ನಿಯಮ. ಅದಕ್ಕೇ ಹೊಸ್ತಿಲಾಚೆ ನಿಂತು ಕಾದಳು. ಅವರು ಎದ್ದು ಬಂದಾಗ, ಡಬ್ಬಿಯ ಮುಚ್ಚಳಕ್ಕೆ ಅರ್ಧ ಊಟ ಬಡಿಸಿ ಅವರ ಕೈಗಿತ್ತಳು.